ಕರಾವಳಿಯ ಮಳೆಗೆ ಬಾಳುವ ರೈಫಲ್ ಸ್ಕೋಪ್: ಕೊಳ್ಳುವ ಮುನ್ನ ನೋಡಬೇಕಾದದ್ದು

ಸಂಪಾದಕರಿಗೆ,

ಮಾನ್ಯರೇ,

ತುಳು ಪಂಚಾಂಗದ ಆಟಿ ತಿಂಗಳ ಮಳೆ ಕಳೆದು ಸೋಣ ತಿಂಗಳು ಬರುವ ಹೊತ್ತಿಗೆ ಮಂಗಳೂರು ಹಂಪನಕಟ್ಟೆಯ ನನ್ನ ದುರಸ್ತಿ ಅಂಗಡಿಯ ಮೇಜು ತುಂಬಿಹೋಗುತ್ತದೆ. ಕ್ಯಾಮರಾ ಲೆನ್ಸ್‌ಗಳು, ಸರ್ವೆಯವರ ಥಿಯೊಡೊಲೈಟ್‌ಗಳು, ಹಕ್ಕಿ ವೀಕ್ಷಕರ ಬೈನಾಕ್ಯುಲರ್‌ಗಳು ಮೊದಲಿನಿಂದಲೂ ಬರುತ್ತಿದ್ದವು. ಈಚಿನ ವರ್ಷಗಳಲ್ಲಿ ಅವುಗಳ ಜೊತೆಗೆ ರೈಫಲ್ ಮೇಲೆ ಕೂರಿಸುವ ದುರ್ಬೀನುಗಳೂ, ಅಂದರೆ ಎಲ್ಲರೂ ಸ್ಕೋಪ್ ಎಂದು ಕರೆಯುವ ಸಾಧನಗಳೂ, ಸಾಕಷ್ಟು ಸಂಖ್ಯೆಯಲ್ಲಿ ಬರತೊಡಗಿವೆ. ಏರ್ ರೈಫಲ್ ಅಭ್ಯಾಸ ಮಾಡುವ ತರುಣರು, ಪುತ್ತೂರು, ಸುಳ್ಯ, ಕಾರ್ಕಳ ಕಡೆಯ ಪರವಾನಗಿ ಹೊಂದಿದ ಕೃಷಿಕರು, ಸೇನೆಯಿಂದ ನಿವೃತ್ತರಾದ ಮೇಲೂ ಗುರಿಯ ಅಭ್ಯಾಸ ಬಿಡದವರು ಇವನ್ನು ತರುತ್ತಾರೆ. ಒಳಗೆ ಮಂಜು ಕಟ್ಟಿದ, ಫಂಗಸ್ ಹಿಡಿದ, ಗುರಿ ತೋರಿಸುವ ಅಡ್ಡಗೆರೆ ನಿಂತಲ್ಲಿ ನಿಲ್ಲದ ಈ ಸ್ಕೋಪ್‌ಗಳಲ್ಲಿ ಬಹುಪಾಲನ್ನು ನಾನು ಹಾಗೆಯೇ ಹಿಂದಿರುಗಿಸಬೇಕಾಗುತ್ತದೆ, ಏಕೆಂದರೆ ಅಗ್ಗದ ಸ್ಕೋಪ್‌ಗಳ ಒಳಭಾಗಗಳನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಒಮ್ಮೆ ಬಿಚ್ಚಿದರೆ ಅವುಗಳನ್ನು ಮೊದಲಿನ ಸ್ಥಿತಿಗೆ ತರುವುದು ಸಾಧ್ಯವಿಲ್ಲ.

ಕೊಳ್ಳುವಾಗ ಏನನ್ನು ನೋಡಿ ಆರಿಸಿದಿರಿ ಎಂದು ವಿಚಾರಿಸಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ಇಷ್ಟು ‘ಎಕ್ಸ್’, ಅಂದರೆ ಇಷ್ಟು ಪಟ್ಟು ದೊಡ್ಡದಾಗಿ ತೋರಿಸುವ ಶಕ್ತಿ, ಇದೆ, ದೂರದ್ದು ಹತ್ತಿರ ಕಾಣುತ್ತದೆ ಎಂದು. ನಮ್ಮ ಊರಿನ ಹವೆಯಲ್ಲಿ ಈ ಪ್ರಶ್ನೆಯನ್ನು ಕಟ್ಟಕಡೆಗೆ ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸ್ಕೋಪಿನೊಳಕ್ಕೆ ತೇವ ಹೋಗದಂತೆ ಭದ್ರಪಡಿಸಲಾಗಿದೆಯೇ, ಹೊಡೆತದ ಅದುರಿಗೆ ಅದರ ಗುರಿ ಕದಲದೆ ಉಳಿಯುತ್ತದೆಯೇ ಎಂಬ ಎರಡು ವಿಷಯ ಖಚಿತವಾದ ಮೇಲೆ ಉಳಿದದ್ದನ್ನು ವಿಚಾರಿಸಬಹುದು. ಈ ಬಗ್ಗೆ ಕನ್ನಡದಲ್ಲಿ ಕೊಳ್ಳುಗರಿಗೆ ಸಿಗುವ ಮಾಹಿತಿ ತೀರಾ ಕಡಿಮೆ ಇರುವುದರಿಂದ ತಮ್ಮ ಪತ್ರಿಕೆಯ ಮೂಲಕ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ಸ್ಕೋಪ್ ಬೇಡವೇ ಬೇಡದವರ ವಿಷಯ. ಮಕ್ಕಳನ್ನು ಶೂಟಿಂಗ್ ತರಬೇತಿಗೆ ಸೇರಿಸಿದ ಹೆತ್ತವರಲ್ಲಿ ಕೆಲವರು ರೈಫಲ್ ಜೊತೆಗೇ ಸ್ಕೋಪನ್ನೂ ಕೊಂಡುಬಿಡುತ್ತಾರೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದ ಪ್ರಕಾರ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ರೈಫಲ್ ಮೇಲೆ ದುರ್ಬೀನು ಇರುವಂತಿಲ್ಲ. ಸಣ್ಣ ರಂಧ್ರದ ಮೂಲಕ ನೋಡುವ, ಬಿಂಬವನ್ನು ದೊಡ್ಡದಾಗಿಸದ ಡಯಾಪ್ಟರ್ ಸೈಟ್ ಬಳಸಬೇಕು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್, 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದೂ ಅಂಥ ಸೈಟ್‌ನಿಂದಲೇ. ಮಗುವಿಗೆ ಸ್ಪರ್ಧೆಯ ದಾರಿ ಹಿಡಿಸುವವರು ಸ್ಕೋಪ್‌ಗೆ ಹಾಕುವ ಹಣವನ್ನು ಒಳ್ಳೆಯ ಜಾಕೆಟ್‌ಗೋ ಏರ್ ರೈಫಲ್‌ನ ಸಣ್ಣ ಗುಂಡುಗಳಾದ ಪೆಲೆಟ್‌ಗೋ ಉಳಿಸಿಕೊಳ್ಳುವುದು ಮೇಲು. ಹಾಗೆಯೇ ಕಾಡಿನ ಪ್ರಾಣಿಗೆ ಗುರಿಯಿಡುವ ಆಸೆಯಿಂದ ಸ್ಕೋಪ್ ಹುಡುಕುವವರಿಗೆ ನನ್ನ ಬಳಿ ಯಾವ ಸಲಹೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಅಪರಾಧವೆಂದು ಹೇಳುತ್ತದೆ, ಅದು ಸರಿಯಾದ ಕಾನೂನು. ನಾನು ಬರೆಯುತ್ತಿರುವುದು ಪರವಾನಗಿಯ ರೈಫಲ್ ಅಥವಾ ಏರ್ ರೈಫಲ್‌ನಲ್ಲಿ ಕಾಗದದ ಗುರಿಗೆ ಅಭ್ಯಾಸ ಮಾಡುವವರಿಗಾಗಿ.

ಮಂಗಳೂರು, ಉಡುಪಿಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೆ ಸ್ಕೋಪ್ ಕೆಡುವುದು ಮಳೆಯಲ್ಲಿ ನೆನೆದೇ ಆಗಬೇಕೆಂದಿಲ್ಲ. ನನ್ನ ಬಳಿ ಬರುವವುಗಳಲ್ಲಿ ಅನೇಕವು ಮನೆಯಿಂದ ಹೊರಗೇ ಹೋಗದವು. ಸೀಲ್ ಸಡಿಲವಿರುವ ಸ್ಕೋಪ್ ದಿನದ ಬಿಸಿಗೆ ಒಳಗಿನ ಗಾಳಿಯನ್ನು ಸ್ವಲ್ಪ ಹೊರಕ್ಕೆ ತಳ್ಳುತ್ತದೆ, ರಾತ್ರಿಯ ತಂಪಿಗೆ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಗಾಳಿಯ ಜೊತೆ ತೇವವೂ ಬರುತ್ತದೆ. ಎಸಿ ಹಾಕಿದ ಕಾರಿನೊಳಗೆ ಇಟ್ಟಾಗ, ಅಂಗಳದಿಂದ ಎಸಿ ಕೋಣೆಗೆ ತಂದಾಗ ಒಳಗೆ ಸೇರಿದ ಆ ತೇವವೇ ತಣ್ಣಗಿನ ಗಾಜಿನ ಮೇಲೆ ಮಂಜಾಗಿ ಕೂರುತ್ತದೆ. ಮಂಜು ಆರಬಹುದು, ಫಂಗಸ್ ಆರುವುದಿಲ್ಲ. ತೇವಾಂಶ ಶೇಕಡಾ 65–70ನ್ನು ದಾಟಿದ, ಗಾಳಿ ಬೆಳಕು ಇಲ್ಲದ ಜಾಗದಲ್ಲಿ ಅದು ಗಾಜಿನ ಮೇಲಿನ ಧೂಳು, ಜಿಡ್ಡುಗಳನ್ನು ತಿಂದು ಜೇಡರ ಬಲೆಯಂತೆ ಹರಡುತ್ತದೆ, ಹರಡುವಾಗ ಅದು ಬಿಡುವ ಆಮ್ಲ ಲೆನ್ಸಿನ ಲೇಪವನ್ನು ಕೊರೆಯುತ್ತದೆ. ಆ ಹಂತದಲ್ಲಿ ಎಷ್ಟು ಒರೆಸಿದರೂ ಕಲೆ ಉಳಿಯುತ್ತದೆ. ಮಲ್ಪೆ, ಪಣಂಬೂರು, ಸುರತ್ಕಲ್‌ಗಳಂಥ ಕಡಲ ಬದಿಯ ಊರುಗಳಲ್ಲಿ ಇದರ ಜೊತೆಗೆ ಉಪ್ಪಿನ ಗಾಳಿಯ ಕಾಟ. ಅಲ್ಯೂಮಿನಿಯಂ ಕೊಳವೆಯ ಬಣ್ಣ ಗೀರಿದ ಜಾಗದಲ್ಲಿ ಗುಳಿ ಬೀಳುತ್ತದೆ, ಉಕ್ಕಿನ ಸ್ಕ್ರೂ ಅಲ್ಯೂಮಿನಿಯಂಗೆ ತಾಗುವ ಜಾಗದಲ್ಲಿ ಸವಕಳಿ ಇನ್ನೂ ಬೇಗ ಹಿಡಿಯುತ್ತದೆ.

ಇದಕ್ಕೆ ಪರಿಹಾರ ಹೊಸದೇನೂ ಅಲ್ಲ. ಅಮೆರಿಕದ ಒರೆಗಾನ್ ರಾಜ್ಯದ ಲ್ಯೂಪೋಲ್ಡ್ ಕಂಪನಿ 1907ರಲ್ಲಿ ಪೋರ್ಟ್‌ಲೆಂಡ್ ನಗರದಲ್ಲಿ ಸರ್ವೆ ಉಪಕರಣಗಳ ದುರಸ್ತಿ ಅಂಗಡಿಯಾಗಿ ಶುರುವಾಯಿತು. ನನ್ನಂಥ ಕಸುಬಿನವರು ಕಟ್ಟಿದ ಕಂಪನಿ ಎಂಬ ಕಾರಣಕ್ಕೆ ಅದರ ಬಗ್ಗೆ ನನಗೆ ಗೌರವವಿದೆ. ಅಲ್ಲಿಯೂ ಮಳೆ, ಮಂಜು ಬಹಳ. 1940ರ ದಶಕದ ಕೊನೆಯ ಹೊತ್ತಿಗೆ ಅವರು ಕೊಳವೆಯೊಳಗಿನ ತೇವದ ಗಾಳಿಯನ್ನು ತೆಗೆದು ಒಣ ನೈಟ್ರೋಜನ್ ತುಂಬಿ ಮುಚ್ಚಿದ ಸ್ಕೋಪ್‌ಗಳನ್ನು ಮಾರುಕಟ್ಟೆಗೆ ತಂದರು. ಇಂದು ಒಳ್ಳೆಯ ತಯಾರಕರೆಲ್ಲರೂ ನೈಟ್ರೋಜನ್ ಅಥವಾ ಆರ್ಗಾನ್ ತುಂಬುತ್ತಾರೆ. ಆದರೆ ಅನಿಲದ ಹೆಸರಿಗೆ ಮರುಳಾಗಬಾರದು. ಅದನ್ನು ಒಳಗೆ ಹಿಡಿದಿಡುವ ರಬ್ಬರ್ ಬಳೆಗಳು, ಅಂದರೆ ಓ-ರಿಂಗ್‌ಗಳು, ಸಡಿಲವಾದರೆ ಯಾವ ಅನಿಲವೂ ಉಳಿಯುವುದಿಲ್ಲ. ಆದ್ದರಿಂದ ಡಬ್ಬದ ಮೇಲೆ ಬರಿಯ ‘ವಾಟರ್‌ಪ್ರೂಫ್’ ಎಂದು ಬರೆದಿದ್ದರೆ ಅದನ್ನು ನಂಬಬೇಡಿ, ಸಂಖ್ಯೆ ಕೇಳಿ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಹಾನಿಯಾಗುವಷ್ಟು ನೀರು ಒಳಹೋಗದು ಎಂಬ ಮಾನದಂಡ. ಐಪಿಎಕ್ಸ್4 ಎಂದಿದ್ದರೆ ಸಿಡಿಯುವ ನೀರಿಗಷ್ಟೇ ಭರವಸೆ. ನಮ್ಮ ಮಳೆಗೆ ಅದು ಸಾಲದು. ಕೆಲವು ಸ್ಕೋಪ್‌ಗಳ ಭರವಸೆ ಗುರಿ ಹೊಂದಿಸುವ ಮೇಲಿನ ಮತ್ತು ಬದಿಯ ತಿರುಪುಗಳ ಮುಚ್ಚಳ ಬಿಗಿದಿದ್ದಾಗ ಮಾತ್ರ ಅನ್ವಯಿಸುತ್ತದೆ, ಅದನ್ನೂ ಕೇಳಿ ತಿಳಿಯಬೇಕು. ಅಡ್ಡಗೆರೆ ಬೆಳಗುವ ಮಾದರಿಗಳಲ್ಲಿ ಬ್ಯಾಟರಿಯ ಮುಚ್ಚಳ ಇನ್ನೊಂದು ಬಾಗಿಲಿದ್ದ ಹಾಗೆ; ಬೆಳಕಿನ ಅಗತ್ಯ ನಿಜವಾಗಿಯೂ ಇಲ್ಲದವರು ಅದಿಲ್ಲದ ಮಾದರಿಯನ್ನೇ ಕೊಳ್ಳಲಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಹೊಸ ಸ್ಕೋಪನ್ನು ರೈಫಲ್‌ಗೆ ಕೂರಿಸುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಒಂದೆರಡು ಗಂಟೆ ಇಡಿ, ಫ್ರೀಜರ್‌ನಲ್ಲಿ ಬೇಡ. ಹೊರತೆಗೆದು ಚೀಲ ಬಿಚ್ಚಿದ ಕೂಡಲೇ ಹೊರಗಿನ ಗಾಜಿನ ಮೇಲೆ ಮಂಜು ಕಟ್ಟುವುದು ಸಹಜ, ಅದನ್ನು ಮೆದು ಬಟ್ಟೆಯಿಂದ ಒತ್ತಿ ತೆಗೆಯಿರಿ. ಒರೆಸಿದರೂ ಹೋಗದ ಮಸುಕು ಒಳಗೆ ಕಂಡರೆ ಸ್ಕೋಪಿನೊಳಗೆ ತೇವ ಇದೆ ಎಂದು ಅರ್ಥ. ಬಿಲ್ಲಿನೊಡನೆ ಅದನ್ನು ಅಂಗಡಿಗೆ ಒಯ್ಯಿರಿ. ಹಳೆಯ ಸ್ಕೋಪ್ ಕೊಳ್ಳುವವರು ಮುಂದಿನ ಲೆನ್ಸಿನ ಕಡೆಯಿಂದ ಟಾರ್ಚ್ ಬೆಳಕು ಓರೆಯಾಗಿ ಹಾಯಿಸಿ ಇನ್ನೊಂದು ತುದಿಯಿಂದ ನೋಡಬೇಕು. ಹಗಲಿನಲ್ಲಿ ಕಾಣದ ಫಂಗಸ್ ನೂಲುಗಳು ಆಗ ಕಾಣಿಸುತ್ತವೆ.

ಇನ್ನು ಅದುರಿನ ವಿಷಯ. ನನ್ನ ಮೇಜಿಗೆ ಬರುವ ಮುರಿದ ಸ್ಕೋಪ್‌ಗಳಲ್ಲಿ ಹೆಚ್ಚಿನವು ಸ್ಪ್ರಿಂಗ್ ಏರ್ ರೈಫಲ್ ಮೇಲೆ ಕೂತು ಮುರಿದವು ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಗುಂಡಿನ ರೈಫಲ್ ಹಿಂದಕ್ಕೆ ಒದೆಯುತ್ತದೆ; ಸಾಮಾನ್ಯ ಸ್ಕೋಪಿನ ಒಳಭಾಗಗಳನ್ನು ಆ ಒಂದು ದಿಕ್ಕಿನ ಒದೆತವನ್ನು ಲೆಕ್ಕದಲ್ಲಿಟ್ಟು ಬಿಗಿದಿರುತ್ತಾರೆ. ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಮೊದಲು ಹಿಂದಕ್ಕೆ ಸರಿದು, ಪಿಸ್ಟನ್ ಕೊನೆ ಮುಟ್ಟಿ ನಿಂತ ಕ್ಷಣದಲ್ಲಿ ಮುಂದಕ್ಕೆ ಜಗ್ಗಲ್ಪಡುತ್ತದೆ. ಈ ಎರಡನೆಯ ಜಗ್ಗಾಟ ಲೆನ್ಸುಗಳನ್ನು ಅವು ಎದುರಿಸಲು ಸಿದ್ಧವಿಲ್ಲದ ದಿಕ್ಕಿಗೆ ಎಳೆಯುತ್ತದೆ. ದೊಡ್ಡ ರೈಫಲ್ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪ್ ಕೂಡ ಇಲ್ಲಿ ಸೋಲಬಹುದು. ಆದ್ದರಿಂದ ಸ್ಪ್ರಿಂಗ್ ರೈಫಲ್ ಉಳ್ಳವರು, ಇದು ಸ್ಪ್ರಿಂಗ್ ಏರ್ ಗನ್‌ಗೆ ತಾಳುತ್ತದೆ ಎಂದು ತಯಾರಕರೇ ಬರೆದುಕೊಟ್ಟಿರುವ ಮಾದರಿಯನ್ನಷ್ಟೇ ಕೊಳ್ಳಬೇಕು. ಒತ್ತಿದ ಗಾಳಿ ತುಂಬಿದ ಸಿಲಿಂಡರ್‌ನಿಂದ ನಡೆಯುವ ಪಿಸಿಪಿ ರೈಫಲ್‌ಗಳಿಗೆ ಈ ತೊಂದರೆಯಿಲ್ಲ. ಏರ್ ರೈಫಲ್ ಬಳಸುವವರು ಇನ್ನೂ ಒಂದನ್ನು ಗಮನಿಸಬೇಕು: ದೊಡ್ಡ ರೈಫಲ್‌ಗಳ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜ ದೂರಕ್ಕೆ ಹೊಂದಿಸಿರುತ್ತಾರೆ, 10 ಮೀಟರ್‌ನಲ್ಲಿ ಅವುಗಳ ಬಿಂಬ ಮಸುಕು, ಕಣ್ಣು ಸ್ವಲ್ಪ ಅತ್ತಿತ್ತ ಸರಿದರೆ ಅಡ್ಡಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುತ್ತದೆ. ಮುಂದಿನ ಅಥವಾ ಬದಿಯ ಉಂಗುರ ತಿರುಗಿಸಿ 10 ಮೀಟರ್‌ವರೆಗೆ ಹೊಂದಿಸಬಹುದಾದ ಮಾದರಿ ಬೇಕು.

ಸ್ಕೋಪ್ ಕೆಟ್ಟಿದೆ ಎಂದು ತಂದುಕೊಟ್ಟ ಕೆಲವು ಪ್ರಕರಣಗಳಲ್ಲಿ ಕೆಟ್ಟದ್ದು ಮೌಂಟ್, ಅಂದರೆ ಸ್ಕೋಪನ್ನು ರೈಫಲ್‌ಗೆ ಹಿಡಿಸುವ ಭಾಗ, ಆಗಿರುತ್ತದೆ. ಏರ್ ರೈಫಲ್‌ನ 11 ಮಿಲಿಮೀಟರ್ ಹಳಿಯ ಮೇಲೆ ಕೊಳವೆಯನ್ನು ಹಿಡಿಯುವ ಸಾಧಾರಣ ರಿಂಗ್‌ಗಳು ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಹಿಂದೆ ಸರಿಯುತ್ತವೆ; ತಡೆಯುವ ಪಿನ್ ಇರುವ ಒಂದೇ ತುಂಡಿನ ಮೌಂಟ್ ಇದಕ್ಕೆ ತಕ್ಕದ್ದು. ಸರಿಯುವುದನ್ನು ತಡೆಯಲು ಶಕ್ತಿಯಿದ್ದಷ್ಟೂ ಬಿಗಿಯುವವರಿದ್ದಾರೆ. ಅದರಿಂದ ಕೊಳವೆ ನಜ್ಜಾಗಿ ಒಳಗಿನ ಭಾಗಗಳ ಚಲನೆಯೇ ಸಿಕ್ಕಿಕೊಳ್ಳುತ್ತದೆ. ರಿಂಗ್ ಸ್ಕ್ರೂಗಳಿಗೆ ಸಾಮಾನ್ಯವಾಗಿ 1.7ರಿಂದ 2 ನ್ಯೂಟನ್-ಮೀಟರ್ ಬಿಗಿತ ಸಾಕು, ಅದನ್ನು ಅಳೆದು ಬಿಗಿಯುವ ಟಾರ್ಕ್ ಸ್ಕ್ರೂಡ್ರೈವರ್ ಸ್ಕೋಪಿನ ಬೆಲೆಯ ಮುಂದೆ ದುಬಾರಿಯಲ್ಲ. ನಾಲ್ಕು ಸ್ಕ್ರೂಗಳನ್ನು ಅಡ್ಡಲಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಮಳೆಗಾಲದ ಮೊದಲು ಸ್ಕ್ರೂ ತಲೆಗಳಿಗೆ ತೆಳುವಾಗಿ ಎಣ್ಣೆ ಸವರಿದರೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದು ತಪ್ಪುತ್ತದೆ, ಆದರೆ ರಿಂಗ್ ಮತ್ತು ಕೊಳವೆ ತಾಗುವ ಮೈಯಲ್ಲಿ ಎಣ್ಣೆಯ ಲವಲೇಶವೂ ಇರಬಾರದು.

ಗುರಿ ನಿಲ್ಲುತ್ತದೆಯೇ ಎಂಬುದನ್ನು ಒಂದು ಗುಂಡೂ ಹಾರಿಸದೆ ತಿಳಿಯಬಹುದು, ಇದನ್ನು ಓದುಗರು ದಯವಿಟ್ಟು ಕತ್ತರಿಸಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಸ್ಕೋಪಿನ ತಿರುಪಿನ ಒಂದು ಕ್ಲಿಕ್ ಸಾಮಾನ್ಯವಾಗಿ ಕಾಲು ಎಂಒಎ. ಒಂದು ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ, 100 ಮೀಟರ್ ದೂರದಲ್ಲಿ ಅದು ಸುಮಾರು 29 ಮಿಲಿಮೀಟರ್ ಆಗುತ್ತದೆ. ಮಿಲಿಮೀಟರ್ ಗೆರೆಗಳ ಗ್ರಾಫ್ ಹಾಳೆಯೊಂದನ್ನು ಗೋಡೆಗೆ ಅಂಟಿಸಿ, ಸರಿಯಾಗಿ 10 ಮೀಟರ್ ದೂರದಲ್ಲಿ ಸ್ಕೋಪನ್ನು ಮರದ ಹಿಡಿಕೆಯಲ್ಲೋ ಬೆಂಚ್ ವೈಸ್‌ನಲ್ಲೋ ಬಟ್ಟೆ ಸುತ್ತಿ ಅಲುಗದಂತೆ ಹಿಡಿಸಿ, ಅಡ್ಡಗೆರೆಯನ್ನು ಒಂದು ಗೆರೆಯ ಮೇಲೆ ನಿಲ್ಲಿಸಿ. 40 ಕ್ಲಿಕ್ ಮೇಲಕ್ಕೆ ತಿರುಗಿಸಿದರೆ ಅಡ್ಡಗೆರೆ 29 ಮಿಲಿಮೀಟರ್ ಸರಿದಿರಬೇಕು. ಅಲ್ಲಿಂದ 40 ಬಲಕ್ಕೆ, 40 ಕೆಳಕ್ಕೆ, 40 ಎಡಕ್ಕೆ ತಿರುಗಿಸಿದಾಗ ಹೊರಟ ಬಿಂದುವಿಗೇ ಬಂದು ನಿಲ್ಲಬೇಕು. ಅಳತೆ ಮಿಲ್ ಎಂಬ ಇನ್ನೊಂದು ಕೋನಮಾನದಲ್ಲಿದ್ದು ಕ್ಲಿಕ್ ಒಂದಕ್ಕೆ 0.1 ಮಿಲ್ ಇದ್ದರೆ ಲೆಕ್ಕ ಇನ್ನೂ ಸುಲಭ, 10 ಮೀಟರ್‌ನಲ್ಲಿ ಕ್ಲಿಕ್ ಒಂದಕ್ಕೆ ಒಂದು ಮಿಲಿಮೀಟರ್. ಆಮೇಲೆ ರಬ್ಬರ್ ಸುತ್ತಿಗೆಯ ಹಿಡಿಯಿಂದ ಕೊಳವೆಯ ಬದಿಗೆ ಮೆಲ್ಲಗೆ ಕೆಲವು ಸಲ ತಟ್ಟಿ ಮತ್ತೆ ನೋಡಿ. ಒಳಗಿನ ಸ್ಪ್ರಿಂಗ್ ದುರ್ಬಲವಿದ್ದರೆ ಅಡ್ಡಗೆರೆ ಕದಲಿರುತ್ತದೆ. ಬೆಲೆ, ಬ್ರಾಂಡ್, ಜಾಹೀರಾತು ಇವೆಲ್ಲಕ್ಕಿಂತ ಈ ಹಾಳೆಯ ಮಾತನ್ನು ನಾನು ನಂಬುತ್ತೇನೆ. 10 ಮೀಟರ್‌ಗೆ ಹೊಂದಿಸಲಾಗದ ಸ್ಕೋಪ್ ಆದರೆ ಹಾಳೆಯನ್ನು 25 ಅಥವಾ 50 ಮೀಟರ್‌ಗೆ ಒಯ್ದು ಅದೇ ಪ್ರಮಾಣದಲ್ಲಿ ಲೆಕ್ಕ ಹಾಕಬಹುದು.

ಈಗ ‘ಎಕ್ಸ್’ ವಿಷಯ. 3-9×40 ಎಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಲೆನ್ಸ್ 40 ಮಿಲಿಮೀಟರ್ ಅಗಲವಿರುವ ಸ್ಕೋಪ್. ಲೆನ್ಸಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. ಒಂಬತ್ತು ಪಟ್ಟಿನಲ್ಲಿ ಅದು 4.4 ಮಿಲಿಮೀಟರ್. ಅದೇ 40ರ ಲೆನ್ಸಿನಲ್ಲಿ 24 ಪಟ್ಟು ನೋಡಿದರೆ ವೃತ್ತ 1.7 ಮಿಲಿಮೀಟರ್‌ಗೆ ಇಳಿಯುತ್ತದೆ. ಮೋಡ ಕವಿದ ಸಂಜೆ ನಮ್ಮ ಕಣ್ಣಿನ ಪಾಪೆ ಅದರ ಎರಡು ಮೂರು ಪಟ್ಟು ಅಗಲ ತೆರೆದುಕೊಂಡಿರುತ್ತದೆ, ಹಾಗಾಗಿ ಬಿಂಬ ಮಂಕಾಗಿ ಕಾಣುತ್ತದೆ, ತಲೆ ಸ್ವಲ್ಪ ಆಚೀಚೆಯಾದರೂ ಕಪ್ಪಾಗುತ್ತದೆ. ಕೈಯ ನಡುಕವೂ 24 ಪಟ್ಟು. ಪಟ್ಟು ಹೆಚ್ಚಿದಂತೆ ಒಳಗೆ ಲೆನ್ಸುಗಳೂ ಚಲಿಸುವ ಭಾಗಗಳೂ ಹೆಚ್ಚುತ್ತವೆ, ಸೀಲ್ ಬೇಕಾದ ಜಾಗಗಳೂ ಹೆಚ್ಚುತ್ತವೆ. ಅಗ್ಗದ ಬೆಲೆಯಲ್ಲಿ ಅವೆಲ್ಲವನ್ನೂ ಗಟ್ಟಿಯಾಗಿ ಮಾಡಿಕೊಡಲು ಯಾವ ತಯಾರಕನಿಗೂ ಆಗುವುದಿಲ್ಲ. ತಾಳಿಕೆಯೇ ಮುಖ್ಯವಾದ ಕಡೆ ಸೈನ್ಯಗಳು ಏನನ್ನು ಆರಿಸಿವೆ ಎಂಬುದನ್ನು ನೋಡಿ. 1960ರ ದಶಕದಿಂದ ಡ್ರಾಗುನೋವ್ ರೈಫಲ್ ಮೇಲೆ ಕೂತಿರುವ ರಷ್ಯಾದ ಪಿಎಸ್ಒ-1 ಸ್ಕೋಪ್ ನಾಲ್ಕು ಪಟ್ಟಿನದು, ಲೆನ್ಸ್ 24 ಮಿಲಿಮೀಟರ್, ಒಳಗೆ ನೈಟ್ರೋಜನ್. ನಮ್ಮ ಭೂಸೇನೆಯೂ ಆ ರೈಫಲ್ ಬಳಸಿದೆ. ಅಮೆರಿಕದ ಟ್ರಿಜಿಕಾನ್ ಕಂಪನಿಯ, ಅಲ್ಲಿನ ಸೈನ್ಯ ಬಳಸಿದ ಏಕಾಗ್ ಎಂಬ ಸ್ಕೋಪ್ ಕೂಡ ನಾಲ್ಕು ಪಟ್ಟಿನ, 32 ಮಿಲಿಮೀಟರ್‌ನ ಸಾಧನ. 7075 ದರ್ಜೆಯ ಅಲ್ಯೂಮಿನಿಯಂ ಬಡಿದು ಮಾಡಿದ ಅದರ ಮೈಯಲ್ಲಿ ಪಟ್ಟು ಬದಲಿಸುವ ಉಂಗುರವೇ ಇಲ್ಲ. ಇಂಥವೇ ಬೇಕೆಂದು ನಾನು ಹೇಳುತ್ತಿಲ್ಲ, ಅವು ನಮ್ಮ ಪೇಟೆಯ ಸಾಮಾನುಗಳೂ ಅಲ್ಲ. ನಾಲ್ಕು ಪಟ್ಟಿನ ಸರಳ ಸ್ಕೋಪ್ ಕಡಿಮೆ ದರ್ಜೆಯದೆಂಬ ನಮ್ಮ ತಪ್ಪು ಕಲ್ಪನೆ ಹೋಗಬೇಕು ಎಂದಷ್ಟೇ ಹೇಳುತ್ತಿದ್ದೇನೆ. ಏರ್ ರೈಫಲ್‌ಗೆ 4×32, .22 ಅಳತೆಯ ಗುಂಡಿನ ರೈಫಲ್‌ಗೆ ಹೆಸರುಳ್ಳ ತಯಾರಕರ 3-9×40 ಧಾರಾಳ ಸಾಕು. 30 ಮಿಲಿಮೀಟರ್ ಕೊಳವೆ ಒಂದು ಇಂಚಿನ ಕೊಳವೆಗಿಂತ ಬೆಳಕು ಹೆಚ್ಚು ಕೊಡುತ್ತದೆಂದು ಮಾರಾಟಗಾರರು ಹೇಳುವುದಿದೆ. ಅದರಿಂದ ಮುಖ್ಯವಾಗಿ ಸಿಗುವುದು ತಿರುಪಿಗೆ ಹೆಚ್ಚು ಅವಕಾಶ, ಸ್ವಲ್ಪ ಹೆಚ್ಚು ಗಟ್ಟಿತನ.

ಬೆಳಕಿನ ಮಾತು ಬಂದದ್ದರಿಂದ ಲೇಪದ ಬಗ್ಗೆ ಒಂದು ಮಾತು. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಅಂಥ ಹತ್ತು ಮೈಗಳನ್ನು ದಾಟುವಷ್ಟರಲ್ಲಿ ಮೂರರಲ್ಲಿ ಒಂದು ಭಾಗ ಬೆಳಕು ನಷ್ಟ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಕುಲಾ ಅವರು ಈ ನಷ್ಟ ತಡೆಯುವ ಲೇಪಕ್ಕೆ ಪೇಟೆಂಟ್ ಪಡೆದರು. ಎಲ್ಲ ಮೈಗಳಿಗೂ ಹಲವು ಪದರದ ಲೇಪ ಇದೆಯೇ, ಇಲ್ಲ ಹೊರಗಿನ ಎರಡಕ್ಕೆ ಮಾತ್ರವೇ ಎಂದು ವಿಚಾರಿಸಿ. ಕೆಂಪಗೆ ಹೊಳೆಯುವ ಲೆನ್ಸ್ ನೋಡಿ ಮೆಚ್ಚಬೇಡಿ, ಬೇಕಾದ ಬೆಳಕನ್ನೇ ಅದು ಹೊರಗೆಸೆಯುತ್ತಿದೆ.

ಕೊಂಡ ಮೇಲೆ ಇಡುವ ರೀತಿ ಸರಿಯಿಲ್ಲದಿದ್ದರೆ ಒಳ್ಳೆಯ ಸ್ಕೋಪೂ ನಮ್ಮಲ್ಲಿ ಬಾಳುವುದಿಲ್ಲ. ಚರ್ಮದ ಚೀಲ, ಸ್ಪಂಜು ಹಾಸಿದ ಪೆಟ್ಟಿಗೆ ಎರಡೂ ತೇವ ಹೀರಿ ಹಿಡಿದಿಡುತ್ತವೆ. ಸಾಗಿಸುವುದಕ್ಕೆ ಮಾತ್ರ ಅವನ್ನು ಬಳಸಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ನೂರಿನ್ನೂರು ರೂಪಾಯಿಗೆ ಸಿಗುವ ಸಣ್ಣ ತೇವಾಂಶ ಮಾಪಕವನ್ನು ಒಳಗಿಟ್ಟು 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಜೆಲ್‌ನ ನೀಲಿ ಬಣ್ಣ ಗುಲಾಬಿಗೆ ತಿರುಗಿದಾಗ ಅದನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಮಳೆಯಲ್ಲಿ ನೆನೆದ ಸ್ಕೋಪನ್ನು ಒರೆಸಿ, ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸಿ ಆಮೇಲೆ ಡಬ್ಬಕ್ಕೆ ಹಾಕಿ. ಕಡಲ ಬದಿಯಲ್ಲಿ ಬಳಸಿದ್ದರೆ ಮೊದಲು ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಉಪ್ಪು ತೆಗೆಯಿರಿ. ಚುನಾವಣೆ ಬಂದಾಗ ಪರವಾನಗಿಯ ಕೋವಿಗಳನ್ನು ಠೇವಣಿ ಇಡಬೇಕಾಗಿ ಬರುವುದುಂಟು. ಆಗ ಸ್ಕೋಪನ್ನು ಕಳಚಿ ಮನೆಯಲ್ಲೇ ಇಟ್ಟುಕೊಳ್ಳುವುದು ಕ್ಷೇಮ. ಮರಳಿ ಕೂರಿಸಿದ ಮೇಲೆ ಝೀರೋ, ಅಂದರೆ ಅಡ್ಡಗೆರೆ ತೋರಿಸುವ ಜಾಗಕ್ಕೇ ಗುಂಡು ಬೀಳುವ ಹೊಂದಿಕೆ, ಹೊಸದಾಗಿ ನೋಡಬೇಕಾಗುತ್ತದೆ, ಆದರೂ ವಾರಗಟ್ಟಲೆ ತೇವದ ಕೋಣೆಯಲ್ಲಿ ಬಿಡುವುದಕ್ಕಿಂತ ಅದು ವಾಸಿ.

ಕೊನೆಯದಾಗಿ ಮಾರುವವರಲ್ಲಿ ಮತ್ತು ತರಬೇತಿ ಕೇಂದ್ರಗಳಲ್ಲಿ ನನ್ನ ವಿನಂತಿ. 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಆಮದಾದ ಸರಕಿನ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ದೂರು ಹೇಳುವ ವಿವರ ಇರಬೇಕು. ನನ್ನ ಬಳಿಗೆ ಡಬ್ಬದ ಸಮೇತ ಬರುವ ಅನೇಕ ಸ್ಕೋಪ್‌ಗಳಲ್ಲಿ ಇವು ಯಾವುವೂ ಇರುವುದಿಲ್ಲ, ಹಾಗಾಗಿ ‘ಜೀವಮಾನದ ಗ್ಯಾರಂಟಿ’ ಎಂದು ಅಚ್ಚು ಹಾಕಿದ್ದರೂ ಕೇಳಲು ಹೋಗುವ ಬಾಗಿಲೇ ಇಲ್ಲ. ಕೊಳ್ಳುವವರು ಬಿಲ್ಲಿನಲ್ಲಿ ಮಾದರಿಯ ಹೆಸರು, ಸರಣಿ ಸಂಖ್ಯೆ, ನೀರಿನ ಮಾನದಂಡ, ಭಾರತದಲ್ಲಿ ದುರಸ್ತಿ ಎಲ್ಲಿ ಎಂಬ ನಾಲ್ಕನ್ನೂ ಬರೆಯಿಸಿಕೊಳ್ಳಲಿ. ಹಾಗೆ ಬರೆದುಕೊಟ್ಟ ಮಾತು ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಆ ಬಿಲ್ ಸಾಕ್ಷಿಯಾಗುತ್ತದೆ. ತರಬೇತಿ ಕೇಂದ್ರಗಳು ತಮ್ಮ 10 ಮೀಟರ್ ಅಂಕಣದ ಒಂದು ಗೋಡೆಯಲ್ಲಿ ಗ್ರಾಫ್ ಹಾಳೆಯನ್ನೂ ಎದುರು ತುದಿಯಲ್ಲಿ ಸ್ಕೋಪ್ ಹಿಡಿಸುವ ಗಟ್ಟಿ ಹಿಡಿಕೆಯನ್ನೂ ಕಾಯಂ ಇಟ್ಟರೆ ಹೊಸದಾಗಿ ಕೊಳ್ಳುವ ಯಾರೇ ಆದರೂ, ಹಣ ಕೊಡುವ ಮೊದಲು ಅಥವಾ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು, ತಮ್ಮ ಸ್ಕೋಪನ್ನು ಅಲ್ಲಿ ಪರೀಕ್ಷಿಸಿಕೊಳ್ಳಬಹುದು. ಅಂಥ ಹಿಡಿಕೆಯನ್ನು ಯಾವ ಕೇಂದ್ರ ಕೇಳಿದರೂ ಮಾಡಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ದೃಷ್ಟಿ ಉಪಕರಣಗಳ ದುರಸ್ತಿಗಾರ,
ಹಂಪನಕಟ್ಟೆ, ಮಂಗಳೂರು